15 ಗುಂಡು, ಒಂದು ಬ್ಯಾಟರಿ

ನಾನು ಬರೆದ ಮೊದಲ ಕತೆಗೆ ಬಂದ ಮೊದಲ ಕಮೆಂಟ್ ಇದು: ‘ನಿಮ್ಮ ಹೀರೊ ಕೈಯಲ್ಲಿರುವ ಪಿಸ್ತೂಲಿಗೆ 15 ಗುಂಡು ಹಿಡಿಯುತ್ತದೆ. ನಾನು ಎಣಿಸಿದ್ದೇನೆ, ಆತ ಒಂದು ಸಲವೂ ಮ್ಯಾಗಜಿನ್ ಬದಲಿಸದೆ 31 ಗುಂಡು ಹಾರಿಸಿದ್ದಾನೆ. ಹಾಗಾಗಿ ನನಗೆ ಎಲ್ಲೂ ಭಯವಾಗಲಿಲ್ಲ.’

ಅಷ್ಟೇ. ಮುಂದೆ ಒಂದು ಸ್ಮೈಲಿಯೂ ಇರಲಿಲ್ಲ. ಎರಡು ವಾರ ಹಾಸ್ಟೆಲ್‌ನಲ್ಲಿ ನಿದ್ದೆಗೆಟ್ಟು, ಒಂದು ಇಂಟರ್ನಲ್ಸ್ ಹಾಳುಮಾಡಿಕೊಂಡು ಬರೆದ ಕತೆ ಅದು. ರೂಮ್‌ಮೇಟ್ ಹಾಸಿಗೆ ಮೇಲೆ ಬಿದ್ದು ನಕ್ಕ. ಸಿಟ್ಟಿನಲ್ಲಿ ನಾನೂ ಕೂತು ಎಣಿಸಿದೆ. 33 ಇತ್ತು. ಪುಣ್ಯಾತ್ಮ ಎರಡು ಗುಂಡು ಬಿಟ್ಟುಬಿಟ್ಟಿದ್ದ.

ಅದು ‘ರೆಸಿಡೆಂಟ್ ಈವಿಲ್’ ಎಂಬ ವಿಡಿಯೊ ಗೇಮಿನ ಅಭಿಮಾನಿಗಳು ಆನ್‌ಲೈನ್‌ನಲ್ಲಿ ತಾವೇ ಸೇರಿ ನಡೆಸುವ ಸಣ್ಣ ಕತೆ ಸ್ಪರ್ಧೆ. ಬಹುಮಾನದ ಹಣ ಇಲ್ಲ, ಸರ್ಟಿಫಿಕೇಟ್ ಇಲ್ಲ, ರೆಸ್ಯುಮೆಯಲ್ಲಿ ಹಾಕಿಕೊಳ್ಳಲು ಏನೇನೂ ಸಿಗುವುದಿಲ್ಲ. ಗೇಮಿನ ಲೋಕದಲ್ಲೇ ನಡೆಯುವ ಹೊಸ ಕತೆಯೊಂದನ್ನು ಮೂರು ಸಾವಿರ ಪದದೊಳಗೆ ಇಂಗ್ಲಿಷ್‌ನಲ್ಲಿ ಬರೆಯಬೇಕು. ಆ ಲೋಕ ನಮ್ಮ ಸ್ವಂತದ್ದಲ್ಲ, ಅದನ್ನು ಕಟ್ಟಿದ ಕಂಪನಿಯದ್ದು. ಆದ್ದರಿಂದ ಬರೆದದ್ದನ್ನು ಮಾರುವಂತಿಲ್ಲ. ಬರೆಯುವುದು, ಪರಸ್ಪರ ಓದುವುದು, ಬೈಸಿಕೊಳ್ಳುವುದು, ಇಷ್ಟೇ. ‘ಇದರಿಂದ ಪ್ಲೇಸ್‌ಮೆಂಟ್ ಆಗುತ್ತಾ’ ಅಂತ ಕೇಳಿದ ಗೆಳೆಯರಿಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ನಾನು ಎಲೆಕ್ಟ್ರಿಕಲ್ ಬಿ.ಇ. ಐದನೇ ಸೆಮಿಸ್ಟರ್. ಗಣಿತದ ಒಂದು ಪೇಪರ್ ಇನ್ನೂ ಬಾಕಿ ಇದೆ. ಎಣಿಕೆ ನನ್ನ ಕೈಗೆ ಹತ್ತುವುದಿಲ್ಲ ಅನ್ನುವುದಕ್ಕೆ ಆ ಕಮೆಂಟ್ ಎರಡನೇ ಸಾಕ್ಷಿಯಾಯಿತು.

ಆದರೆ ಆತ ಹೇಳಿದ್ದರಲ್ಲಿ ಸತ್ಯ ಇತ್ತು. ಈ ಜಾತಿಯ ಗೇಮುಗಳಿಗೆ ‘ಸರ್ವೈವಲ್ ಹಾರರ್’ ಅಂತ ಹೆಸರು. ಜೀವ ಉಳಿಸಿಕೊಳ್ಳುವ ಭಯದ ಕತೆ ಅನ್ನಬಹುದು. ಜಪಾನಿನ ಕ್ಯಾಪ್ಕಾಮ್ ಕಂಪನಿ 1996ರಲ್ಲಿ ರೆಸಿಡೆಂಟ್ ಈವಿಲ್ ಹೊರತಂದಾಗ ಈ ಹೆಸರು ಜನರ ಬಾಯಿಗೆ ಬಂತು. ನಿರ್ದೇಶಕ ಶಿಂಜಿ ಮಿಕಾಮಿ. ಅದಕ್ಕೂ ಮೊದಲು 1989ರಲ್ಲಿ ಅದೇ ಕಂಪನಿಯ ‘ಸ್ವೀಟ್ ಹೋಮ್’ ಇತ್ತು, 1992ರಲ್ಲಿ ಫ್ರಾನ್ಸಿನ ‘ಅಲೋನ್ ಇನ್ ದ ಡಾರ್ಕ್’ ಬಂದಿತ್ತು. ಇವೆಲ್ಲ ನಾನು ಹುಟ್ಟುವ ಮೊದಲಿನವು. ಅಪ್ಪ ಕೊಡಿಸಿದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಹೊಸ ಗೇಮುಗಳು ಓಡುವುದಿಲ್ಲ, ಹಾಗಾಗಿ ಹಳೆಯವೇ ನನಗೆ ಗತಿಯಾದವು. ಬಡತನದಿಂದಲೂ ಕೆಲವು ಸಲ ಒಳ್ಳೆಯ ಅಭಿರುಚಿ ಬರುತ್ತದೆ.

ಹೊರಗಿನವರಿಗೆ ಇದು ಜೊಂಬಿಗಳಿಗೆ ಗುಂಡು ಹೊಡೆಯುವ ಆಟ. ಆಡಿದವರಿಗೆ ಗೊತ್ತು, ಇದು ಲೆಕ್ಕದ ಆಟ. ಕಾಡಿನ ನಡುವಿನ ಒಂದು ಬಂಗಲೆಯಲ್ಲಿ ನೀವು ಸಿಕ್ಕಿಬಿದ್ದಿದ್ದೀರಿ. ಕ್ರಿಸ್ ಎಂಬ ಪಾತ್ರ ಆರಿಸಿಕೊಂಡರೆ ನಿಮ್ಮ ಬಳಿ ಆರು ವಸ್ತು ಇಟ್ಟುಕೊಳ್ಳುವಷ್ಟು ಮಾತ್ರ ಜಾಗ, ಜಿಲ್ ಆರಿಸಿಕೊಂಡರೆ ಎಂಟು. ಪಿಸ್ತೂಲಿಗೆ ಒಂದು ಜಾಗ, ಗುಂಡಿಗೆ ಒಂದು, ಗಾಯಕ್ಕೆ ಹಚ್ಚುವ ಸೊಪ್ಪಿಗೆ ಒಂದು, ಬಾಗಿಲಿನ ಕೀಲಿಗೆ ಒಂದು. ಎದುರಿಗೆ ಇನ್ನೊಂದು ಕೀಲಿ ಸಿಕ್ಕರೆ ಗುಂಡು ಬಿಡಬೇಕೋ ಸೊಪ್ಪು ಬಿಡಬೇಕೋ? ಆಟವನ್ನು ಎಲ್ಲೆಂದರಲ್ಲಿ ಸೇವ್ ಮಾಡುವಂತೆಯೂ ಇಲ್ಲ. ಕೆಲವೇ ಕೋಣೆಗಳಲ್ಲಿ ಹಳೆಯ ಟೈಪ್‌ರೈಟರ್ ಇದೆ, ಅದಕ್ಕೆ ಹಾಕುವ ಶಾಯಿ ರಿಬ್ಬನ್ ನಿಮ್ಮ ಹತ್ತಿರ ಇದ್ದರೆ ಮಾತ್ರ ಸೇವ್. ರಿಬ್ಬನ್ ಖಾಲಿಯಾದರೆ ಎರಡು ಗಂಟೆ ಆಡಿದ್ದನ್ನು ಜೇಬಿನಲ್ಲಿ ಇಟ್ಟುಕೊಂಡ ಹಾಗೆ ಹೊತ್ತು ತಿರುಗಬೇಕು. ಕಾರಿಡಾರಿನಲ್ಲಿ ಒಂದು ಜೊಂಬಿ ನಿಂತಿದೆ. ಹೊಡೆದರೆ ಗುಂಡು ಹೋಗುತ್ತದೆ, ಬಿಟ್ಟರೆ ವಾಪಸ್ ಬರುವಾಗಲೂ ಅದು ಅಲ್ಲೇ ಇರುತ್ತದೆ. ಭಯ ಇರುವುದು ಈ ಯೋಚನೆಯೊಳಗೆ. ಜೊಂಬಿಯ ಮುಖ ಹತ್ತು ನಿಮಿಷಕ್ಕೆ ಅಭ್ಯಾಸ ಆಗುತ್ತದೆ.

ಕೊರತೆಯಿಂದ ಕತೆ ಹೇಳುವ ಈ ಗುಣ ಆಮೇಲೆ ಬಂದ ಗೇಮುಗಳಲ್ಲೂ ಇದೆ. 1999ರ ‘ಸೈಲೆಂಟ್ ಹಿಲ್’ ನೋಡಿ. ಆಗಿನ ಪ್ಲೇಸ್ಟೇಷನ್‌ಗೆ ದೂರದ ಬೀದಿಗಳನ್ನು ಚಿತ್ರಿಸಿ ತೋರಿಸುವ ಶಕ್ತಿ ಇರಲಿಲ್ಲ. ಅದನ್ನು ಮುಚ್ಚಲು ಊರಿಗೆಲ್ಲ ಮಂಜು ಕವಿಸಿದರು. ಆ ಮಂಜೇ ಗೇಮಿನ ಆತ್ಮವಾಯಿತು. ಕೈಯಲ್ಲೊಂದು ರೇಡಿಯೊ, ಏನಾದರೂ ಹತ್ತಿರ ಬಂದರೆ ಅದು ಗೊರಗೊರ ಅನ್ನುತ್ತದೆ. ಕಾಣುವುದಿಲ್ಲ, ಕೇಳುತ್ತದೆ. 2010ರಲ್ಲಿ ಸ್ವೀಡನ್ನಿನವರು ಮಾಡಿದ ‘ಅಮ್ನೀಸಿಯಾ’ದಲ್ಲಿ ಆಯುಧವೇ ಇಲ್ಲ. ಲಾಟೀನಿಗೆ ಹಾಕುವ ಎಣ್ಣೆ ಮಾತ್ರ, ಅದೂ ಮುಗಿಯುತ್ತಾ ಬರುತ್ತದೆ. 2013ರ ‘ಔಟ್‌ಲಾಸ್ಟ್’ನಲ್ಲಿ ಒಬ್ಬ ಪತ್ರಕರ್ತ, ಅವನ ಕೈಯಲ್ಲಿ ಕತ್ತಲಲ್ಲೂ ಕಾಣಿಸುವ ಒಂದು ಕ್ಯಾಮೆರಾ. ಆ ಕ್ಯಾಮೆರಾ ಬ್ಯಾಟರಿ ತಿನ್ನುತ್ತದೆ. ಬ್ಯಾಟರಿ ಮುಗಿದರೆ ನೀವು ಕುರುಡ.

ಬರವಣಿಗೆಯ ದೃಷ್ಟಿಯಿಂದ ನನ್ನನ್ನು ತುಂಬ ಕಾಡಿದ್ದು ಮೊದಲ ರೆಸಿಡೆಂಟ್ ಈವಿಲ್‌ನಲ್ಲಿ ಸಿಗುವ ಒಂದು ಡೈರಿ. ಬಂಗಲೆಯಲ್ಲಿ ನಾಯಿಗಳನ್ನು ನೋಡಿಕೊಳ್ಳುತ್ತಿದ್ದ ಕೆಲಸಗಾರ ಬರೆದದ್ದು. ಮೊದಲ ಪುಟದಲ್ಲಿ ಇಸ್ಪೀಟು ಆಡಿದ್ದು, ಜೊತೆಯವರ ಮೇಲೆ ಗೊಣಗಿದ್ದು. ಆಮೇಲೆ ಮೈಮೇಲೆ ಊತ, ತುರಿಕೆ, ಜ್ವರ. ದಿನ ಕಳೆದಂತೆ ವಾಕ್ಯಗಳು ಗಿಡ್ಡವಾಗುತ್ತಾ ಹೋಗುತ್ತವೆ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ವ್ಯಾಕರಣವೇ ಸತ್ತಿರುತ್ತದೆ, ಎರಡೋ ಮೂರೋ ಪದ ಉಳಿದಿರುತ್ತವೆ. ಬರೆಯುತ್ತಿರುವವನು ಈಗ ಮನುಷ್ಯನಲ್ಲ ಅಂತ ಯಾರೂ ಹೇಳುವುದಿಲ್ಲ, ಓದುವ ನಮಗೆ ಗೊತ್ತಾಗುತ್ತದೆ. ಆ ಕೋಣೆಯ ಬೀರುವಿನಲ್ಲೇ ಅವನು ನಿಂತಿದ್ದಾನೆ ಅನ್ನುವುದು ಮುಂದಿನ ಮಾತು. ಇಷ್ಟನ್ನೆಲ್ಲ ಓದಿ, ಮೆಚ್ಚಿ, ಗೆಳೆಯರಿಗೆ ಲೆಕ್ಚರ್ ಕೊಟ್ಟು, ಕತೆ ಬರೆಯಲು ಕೂತಾಗ ಮಾತ್ರ ನಾನು 33 ಗುಂಡು ಹಾರಿಸಿಬಿಟ್ಟಿದ್ದೆ.

ಮತ್ತೊಂದು ತೊಡಕೂ ಇತ್ತು. ಈ ಗೇಮಿನ ಲೋಕದಲ್ಲಿ ರಕೂನ್ ಸಿಟಿ ಅಂತ ಅಮೆರಿಕದ ಒಂದು ಕಲ್ಪಿತ ಊರಿದೆ. 1998ರ ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿ ಸೋಂಕು ಹಬ್ಬುತ್ತದೆ, ಅಕ್ಟೋಬರ್ 1ರಂದು ಸರ್ಕಾರವೇ ಕ್ಷಿಪಣಿ ಹಾರಿಸಿ ಊರನ್ನು ಅಳಿಸಿಹಾಕುತ್ತದೆ. ಸ್ಪರ್ಧೆಯ ಓದುಗರಿಗೆಲ್ಲ ಇದು ಬಾಯಿಪಾಠ. ನಾನು ಯಾವ ಪಾತ್ರ ಸೃಷ್ಟಿಸಿ ಆ ಊರಲ್ಲಿ ಬಿಟ್ಟರೂ ‘ಇವನು ಸಾಯುತ್ತಾನೆ’ ಅಂತ ಅವರಿಗೆ ಮೊದಲ ಸಾಲಿನಲ್ಲೇ ಗೊತ್ತು. ಅಂಥ ಕಡೆ ಕುತೂಹಲ ಎಲ್ಲಿಂದ ತರುವುದು? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ನಮ್ಮೂರ ಕುರುಕ್ಷೇತ್ರ ನಾಟಕದಲ್ಲಿ. ತುಮಕೂರು ಸೀಮೆಯಲ್ಲಿ ಜಾತ್ರೆ ಅಂದರೆ ಕುರುಕ್ಷೇತ್ರ ಇರಲೇಬೇಕು. ದುರ್ಯೋಧನ ಸಾಯುತ್ತಾನೆ ಅಂತ ಗೊತ್ತಿಲ್ಲದ ಒಂದು ಮಗುವೂ ಆ ಶಾಮಿಯಾನದಲ್ಲಿ ಇರುವುದಿಲ್ಲ. ಆದರೂ ಬೆಳಗಿನ ಜಾವದವರೆಗೆ ಕಂಬಳಿ ಹೊದ್ದು ಕೂತಿರುತ್ತಾರೆ. ಸಾಯುವ ಮುಂಚೆ ಯಾರಿಗೆ ಏನು ಹೇಳುತ್ತಾನೆ, ಯಾರ ಮುಂದೆ ತಲೆ ಬಗ್ಗಿಸುತ್ತಾನೆ, ಯಾರ ಮುಂದೆ ಇಲ್ಲ ಅನ್ನುವುದಕ್ಕೆ.

ಎರಡನೇ ಸಲ ಸ್ಪರ್ಧೆ ಘೋಷಣೆಯಾದಾಗ ಹೊಸ ನಿಯಮ ಒಂದನ್ನು ಸೇರಿಸಿದ್ದರು. ಗೇಮಿನಲ್ಲಿ ಹೆಸರಿರುವ ಯಾವ ಪಾತ್ರವೂ ಕತೆಯಲ್ಲಿ ಬರಬಾರದು. ಊರಿನ ಯಾರೋ ಒಬ್ಬ ಸಾಮಾನ್ಯ ಮನುಷ್ಯನ ಒಂದು ರಾತ್ರಿ, ಅಷ್ಟೇ. ಅಮೆರಿಕದ ಊರಿನ ಸಾಮಾನ್ಯ ಮನುಷ್ಯ ಹೇಗಿರುತ್ತಾನೆ ಅಂತ ನನಗೇನು ಗೊತ್ತು? ಸಿನಿಮಾದಲ್ಲಿ ನೋಡಿದ್ದು ಬಿಟ್ಟರೆ ಏನೂ ಇಲ್ಲ. ಮೂರು ದಿನ ಖಾಲಿ ಸ್ಕ್ರೀನ್ ನೋಡುತ್ತಾ ಕೂತೆ. ನಾಲ್ಕನೇ ದಿನ ಫೆಬ್ರುವರಿಯ ಆ ರಾತ್ರಿ ನೆನಪಿಗೆ ಬಂತು. ನೆನಪಿಗೆ ಬಂತು ಅನ್ನುವುದು ಸುಳ್ಳು, ಅದು ಹೋಗಿಯೇ ಇರಲಿಲ್ಲ.

ನಮ್ಮದು ಮಧುಗಿರಿ ಕಡೆಯ ಹಳ್ಳಿ. ಒಂದೂವರೆ ಎಕರೆ ಅಡಿಕೆ, ಮಳೆ ಬಂದರೆ ಕಡಲೆಕಾಯಿ. ತೋಟ ಮನೆಯಿಂದ ಮುಕ್ಕಾಲು ಕಿಲೋಮೀಟರ್, ಗುಡ್ಡದ ಬುಡದಲ್ಲಿ. ಮೋಟಾರ್ ಓಡಿಸುವ ತ್ರೀ ಫೇಸ್ ಕರೆಂಟ್ ಪಾಳಿಯಲ್ಲಿ ಬರುತ್ತದೆ. ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ. ರಾತ್ರಿ ಪಾಳಿಯ ವಾರ ಅಪ್ಪ ಒಂದು ಗಂಟೆ ಹೊತ್ತಿಗೆ ಎದ್ದು, ಮಫ್ಲರ್ ಸುತ್ತಿಕೊಂಡು, ಬ್ಯಾಟರಿ ಹಿಡಿದು ಹೊರಡುತ್ತಾನೆ. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅಂತಲೇ ಹೆಸರು. ‘ಆಟೋ ಸ್ಟಾರ್ಟರ್ ಹಾಕಿಸಬಾರದಾ’ ಅಂತ ಪೇಟೆಯ ಗೆಳೆಯರು ಕೇಳುತ್ತಾರೆ. ಹಾಕಿಸಿದ್ದೇವೆ. ಕರೆಂಟ್ ಬಂದರೆ ಮೋಟಾರ್ ತಾನಾಗೇ ಶುರುವಾಗುತ್ತದೆ. ಆದರೆ ಒಂದು ಪಾತಿಗೆ ನೀರು ತುಂಬಿದ ಮೇಲೆ ಗೇಟ್‌ವಾಲ್ವ್ ತಿರುಗಿಸಿ ಇನ್ನೊಂದು ಕಡೆ ಬಿಡುವುದಕ್ಕೆ ಮನುಷ್ಯನೇ ಬೇಕು. ಟಿಸಿಯಲ್ಲಿ ಫ್ಯೂಸ್ ಹೋದರೆ, ಸ್ಟಾರ್ಟರಿನೊಳಗೆ ಹಲ್ಲಿ ಸೇರಿಕೊಂಡರೆ, ಅದಕ್ಕೂ ಮನುಷ್ಯನೇ ಬೇಕು.

ಗುಡ್ಡದಲ್ಲಿ ಕರಡಿ ಇವೆ. ಚಿರತೆಯೂ ಇದೆ, ಆದರೆ ನಮ್ಮೂರಲ್ಲಿ ಚಿರತೆಗಿಂತ ಕರಡಿಗೇ ಹೆದರುವುದು ಜಾಸ್ತಿ. ಚಿರತೆ ಮನುಷ್ಯನ ಸದ್ದಿಗೆ ಸರಿದು ಹೋಗುತ್ತದೆ, ಕರಡಿ ಗಾಬರಿಯಾದರೆ ಮುಖಕ್ಕೇ ಬರುತ್ತದೆ. ಅಪ್ಪನ ನಡಿಗೆಗೆ ಒಂದು ಕ್ರಮ ಇದೆ. ಬದುವಿನ ಮೇಲೆ ಕಾಲು ಬಡಿದು ಬಡಿದು ಹೆಜ್ಜೆ ಹಾಕುತ್ತಾನೆ, ಹಾವಿದ್ದರೆ ನೆಲದ ಅದುರಿಗೆ ಸರಿದುಹೋಗಲಿ ಅಂತ. ಆಗಾಗ ಸುಮ್ಮನೆ ಕೆಮ್ಮುತ್ತಾನೆ. ತೋಟ ತಲುಪಿ, ಮೋಟಾರ್ ಓಡಿ ನೀರು ಬಿತ್ತು ಅಂದ ಮೇಲೆ ಅಮ್ಮನ ಫೋನಿಗೆ ಒಂದು ಮಿಸ್ಡ್ ಕಾಲ್. ಅದು ಬಂದ ಮೇಲೆ ಅಮ್ಮ ಮಲಗುತ್ತಾಳೆ. ನನಗೆ ಬುದ್ಧಿ ಬಂದಾಗಿನಿಂದ ಹೀಗೇ ನಡೆದಿದೆ, ಹಾಗಾಗಿ ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಫೆಬ್ರುವರಿಯಲ್ಲಿ ಸೆಮಿಸ್ಟರ್ ರಜೆ. ಊರಲ್ಲಿದ್ದೆ. ಅಪ್ಪ ಎಂದಿನಂತೆ ಹೊರಟ. ನಾನು ಒಳಗಿನ ಕೋಣೆಯಲ್ಲಿ ಲೈಟ್ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಔಟ್‌ಲಾಸ್ಟ್ ಆಡುತ್ತಿದ್ದೆ. ಕ್ಯಾಮೆರಾಕ್ಕೆ ಎರಡೇ ಬ್ಯಾಟರಿ ಉಳಿದಿದ್ದವು. ಹೆದರಿ ಬೆವರುತ್ತಿದ್ದೆ, ಖುಷಿಯಲ್ಲಿದ್ದೆ. ಪಡಸಾಲೆಯಿಂದ ಅಮ್ಮ ಮೂರು ಸಲ ನನ್ನ ಹೆಸರು ಕೂಗಿದ್ದಾಳೆ. ನನಗೆ ಕೇಳಿಲ್ಲ. ಕೊನೆಗೆ ಬಂದು ಹೆಡ್‌ಫೋನ್ ಕಿತ್ತಳು. 2.40 ಆಗಿತ್ತು. ‘ನಿಮ್ಮಪ್ಪನ ಫೋನ್ ಬಂದಿಲ್ಲ ಕಣೋ, ನಾನು ಮಾಡಿದ್ರೆ ಸ್ವಿಚ್ ಆಫ್ ಅಂತದೆ’ ಅಂದಳು. ಅವಳ ಕೈ ನಡುಗುತ್ತಿತ್ತು.

ಪಕ್ಕದ ಮನೆ ಮಾವನನ್ನು ಎಬ್ಬಿಸಿ, ಇಬ್ಬರೂ ದೊಣ್ಣೆ ಹಿಡಿದು ತೋಟಕ್ಕೆ ಹೋದೆವು. ಆ ಮುಕ್ಕಾಲು ಕಿಲೋಮೀಟರ್ ಬಗ್ಗೆ ಏನೂ ಬರೆಯಲಾರೆ, ಏನೂ ನೆನಪಿಲ್ಲ. ಅಪ್ಪ ಮೋಟಾರ್ ಮನೆಯೊಳಗೆ ಗೋಣಿಚೀಲದ ಮೇಲೆ ಕೂತಿದ್ದ. ಆರಾಮಾಗಿದ್ದ. ವಾಲ್ವ್ ತಿರುಗಿಸಲು ಬಗ್ಗಿದಾಗ ಜೇಬಿನಲ್ಲಿದ್ದ ಫೋನ್ ತೊಟ್ಟಿಗೆ ಬಿದ್ದಿತ್ತು. ಅದನ್ನು ಹುಡುಕುವಷ್ಟರಲ್ಲಿ ಬ್ಯಾಟರಿಯ ಚಾರ್ಜು ಮುಗಿದಿತ್ತು. ಹೊರಡೋಣ ಅನ್ನುವಾಗ ಬದುವಿನ ಪಕ್ಕದ ಹುತ್ತದಲ್ಲಿ ಕೆದಕುವ ಸದ್ದು. ಕರಡಿಗೆ ಗೆದ್ದಲು ಅಂದರೆ ಪ್ರಾಣ. ಹುತ್ತ ಇರುವುದು ಮನೆಗೆ ಬರುವ ದಾರಿಯಲ್ಲೇ. ಮೋಟಾರ್ ಮನೆಯ ತಗಡಿನ ಬಾಗಿಲಿಗೆ ಚಿಲಕ ಇಲ್ಲ. ಸ್ಟಾರ್ಟರ್ ಬಾಕ್ಸಿನ ಮೇಲಿನ ಕೆಂಪು, ಹಳದಿ, ನೀಲಿ ಮೂರು ಪುಟ್ಟ ದೀಪ ಬಿಟ್ಟರೆ ಬೆಳಕಿಲ್ಲ.

ಆಗ ಅಪ್ಪ ಒಂದು ಕೆಲಸ ಮಾಡಿದ್ದಾನೆ. ಮೋಟಾರ್ ಆಫ್ ಮಾಡಿದ್ದಾನೆ.

‘ತೊಟ್ಟಿಗೆ ನೀರು ಬೀಳೋ ಸದ್ದಲ್ಲಿ ಅದು ಎಲ್ಲೈತೆ ಅಂತ ಗೊತ್ತಾಗ್ತಿರಲಿಲ್ಲ. ಆಫ್ ಮಾಡಿದ್ರೆ ಕೇಳುತ್ತೆ. ಅದರ ಕೆಲಸ ಮುಗಿಸ್ಕೊಂಡು ಹೋಗ್ಲಿ ಅಂತ ಕೂತೆ’ ಅಂದ. ನಾವು ಹೋಗುವ ಹೊತ್ತಿಗೆ ಅದು ಹೋಗಿ ಸುಮಾರು ಹೊತ್ತಾಗಿತ್ತಂತೆ. ‘ಮತ್ತೆ ಯಾಕೆ ಬರಲಿಲ್ಲ’ ಅಂತ ನಾನು ಸಿಟ್ಟಿನಿಂದ ಕೇಳಿದರೆ, ‘ಮೋಟಾರ್ ಆನ್ ಮಾಡ್ಬೇಕಿತ್ತಲ್ಲ, ಅರ್ಧ ತೋಟ ಇನ್ನೂ ಒಣಗಿತ್ತು’ ಅಂದ. ದಾರಿಯುದ್ದಕ್ಕೂ ಅವನ ಗೊಣಗಾಟ ಆ ಮೋಟಾರ್ ನಿಂತಿದ್ದ ಹೊತ್ತಿನದ್ದೇ. ನಾಳೆ ಹಗಲು ಕರೆಂಟ್ ಇಲ್ಲ, ಮೂಡಲ ಕಡೆಯ ಮೂರು ಸಾಲಿಗೆ ನೀರು ಹೋಗಲಿಲ್ಲ, ಬಿಸಿಲು ಬೇರೆ ಶುರುವಾಗಿದೆ. ಕರಡಿಯ ವಿಷಯ ಒಂದು ಮಾತಿಲ್ಲ.

ನೀರೋ, ಕಿವಿಯೋ? ಮೋಟಾರ್ ಓಡಿದರೆ ಗಿಡ ಬದುಕುತ್ತದೆ, ಆದರೆ ಹೊರಗಿನ ಸದ್ದು ಕೇಳುವುದಿಲ್ಲ. ನಿಲ್ಲಿಸಿದರೆ ಕೇಳುತ್ತದೆ, ಆದರೆ ಕರೆಂಟಿನ ಒಂದೊಂದು ನಿಮಿಷವೂ ಕೈಬಿಟ್ಟು ಹೋಗುತ್ತದೆ. ಇಷ್ಟು ವರ್ಷ ಆಡಿದ ಯಾವ ಗೇಮಿನಲ್ಲೂ ನಾನು ಇದಕ್ಕಿಂತ ಬಿಗಿಯಾದ ಆಯ್ಕೆ ನೋಡಿರಲಿಲ್ಲ.

ಸ್ಪರ್ಧೆಗೆ ಅದನ್ನೇ ಬರೆದೆ. ರಕೂನ್ ಸಿಟಿಯ ಅಂಚಿನಲ್ಲಿ ಒಂದು ಪಂಪ್‌ಹೌಸ್ ಕಟ್ಟಿದೆ. ಗೇಮಿನಲ್ಲಿ ಅದು ಎಲ್ಲೂ ಇಲ್ಲ. ರಾತ್ರಿ ಪಾಳಿಯ ಒಬ್ಬ ಕೆಲಸಗಾರ. ಊರಿಗೆ ಸೋಂಕು ಬಂದಿದೆ, ಕಡೆಯ ವಾರ. ಅವನ ಪಂಪು ಓಡಿದರೆ ಮಾತ್ರ ಊರೊಳಗಿನ ಆಸ್ಪತ್ರೆಗೆ ನೀರು. ಓಡಿದರೆ ಬಾಗಿಲ ಆಚೆ ಯಾರು ನಿಂತಿದ್ದಾರೆ ಅನ್ನುವುದು ಕೇಳದು. ಪಿಸ್ತೂಲು ಕೊಡಲಿಲ್ಲ, ಎಣಿಸುವ ರಗಳೆಯೇ ಬೇಡ ಅಂತ. ಕೈಯಲ್ಲೊಂದು ಟಾರ್ಚು, ಗೋಡೆಯ ಮೇಲೆ ಮೂರು ಬಣ್ಣದ ದೀಪ. ಊರು ಅಕ್ಟೋಬರ್ 1ಕ್ಕೆ ಸುಟ್ಟುಹೋಗುತ್ತದೆ ಅಂತ ಓದುಗನಿಗೆ ಗೊತ್ತಿದ್ದರೆ ಗೊತ್ತಿರಲಿ. ಈ ಒಂದು ರಾತ್ರಿ ನೀರು ಹೋಯಿತಾ ಇಲ್ಲವಾ ಅನ್ನುವುದು ಅವನಿಗೆ ಗೊತ್ತಿಲ್ಲವಲ್ಲ.

ಇಂಗ್ಲಿಷ್‌ನಲ್ಲಿ ಬರೆಯುವುದು ಸುಲಭ ಇರಲಿಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ನಾನು. ಮೊದಲ ಕತೆಯಲ್ಲಿ ಕಷ್ಟದ ಪದಗಳನ್ನು ಡಿಕ್ಷನರಿಯಿಂದ ಹೆಕ್ಕಿ ತುಂಬಿದ್ದೆ. ಈ ಸಲ ಮೊದಲು ಇಡೀ ಕತೆಯನ್ನು ಕನ್ನಡದಲ್ಲಿ, ಅಪ್ಪನ ಮಾತಿನ ಧಾಟಿಯಲ್ಲೇ ನೋಟ್‌ಬುಕ್ಕಿನ ಹಿಂಭಾಗದಲ್ಲಿ ಬರೆದುಕೊಂಡೆ. ಇಂಗ್ಲಿಷಿಗೆ ತಂದಾಗ ವಾಕ್ಯಗಳು ಗಿಡ್ಡ ಗಿಡ್ಡವಾಗಿ ಬಂದವು. ನನಗೆ ಉದ್ದದ್ದು ಬರೆಯಲು ಬರುತ್ತಿರಲಿಲ್ಲ, ಕತೆಗೂ ಉದ್ದದ್ದು ಬೇಕಿರಲಿಲ್ಲ.

ಕಳಿಸುವ ಮೊದಲ ವಾರ ಊರಿಗೆ ಹೋಗಿದ್ದೆ. ಊಟ ಆದ ಮೇಲೆ ಜಗಲಿಯಲ್ಲಿ ಕೂತು ಅಪ್ಪನಿಗೆ ಕತೆ ಹೇಳಿದೆ. ಜೊಂಬಿ ಅಂದರೆ ಏನು ಅಂತ ಹೇಳಲು ಹತ್ತು ನಿಮಿಷ ಹಿಡಿಯಿತು. ‘ಅಂದ್ರೆ ಹುಚ್ಚುನಾಯಿ ಕಡಿದಂಗೆ’ ಅಂತ ಅವನೇ ಸರಿಮಾಡಿಕೊಂಡ. ಪೂರ್ತಿ ಕೇಳಿ, ಅಡಿಕೆ ಕತ್ತರಿಸುತ್ತಾ ಎರಡು ತಪ್ಪು ಹಿಡಿದ. ಒಂದು: ‘ಅವನ್ಯಾಕೆ ಬ್ಯಾಟರಿ ಹಚ್ಕೊಂಡೇ ಓಡಾಡ್ತಾನೆ? ಹಚ್ಚಿದ್ರೆ ಆ ದುಂಡನೆ ಬೆಳಕಷ್ಟೇ ಕಾಣೋದು, ಸುತ್ತಲಿಂದು ಏನೂ ಕಾಣಲ್ಲ. ಆರಿಸಿ ಒಂದು ಗಳಿಗೆ ನಿಂತ್ರೆ ಕಣ್ಣಿಗೆ ಕತ್ತಲು ಹೊಂದ್ಕೊಳ್ಳುತ್ತೆ.’ ಇನ್ನೊಂದು: ‘ಅವನಿಗೆ ಮನೇಲಿ ಯಾರೂ ಇಲ್ವಾ? ಕಾಯೋರಿಲ್ದೋನು ಯಾಕೆ ಅಷ್ಟು ಹೆದರ್ತಾನೆ?’

ಎರಡೂ ಸರಿ. ಹಾಸ್ಟೆಲ್‌ಗೆ ವಾಪಸ್ ಬಂದು ಆ ಭಾಗ ಹರಿದುಹಾಕಿ ಮತ್ತೆ ಬರೆದೆ. ನನ್ನ ಪಂಪ್‌ಹೌಸಿನವನು ಈಗ ಟಾರ್ಚ್ ಆರಿಸಿ ಕಣ್ಣು ಹೊಂದುವವರೆಗೆ ನಿಲ್ಲುತ್ತಾನೆ. ಆ ನಿಲ್ಲುವ ಒಂದು ಪುಟ ಇಡೀ ಕತೆಯಲ್ಲಿ ಚೆನ್ನಾಗಿ ಬಂದಿರುವ ಪುಟ. ಪ್ರತಿ ರಾತ್ರಿ ಪಂಪು ಶುರುವಾದ ಮೇಲೆ ಅವನು ಮನೆಯ ಫೋನಿಗೆ ಒಂದೇ ಒಂದು ರಿಂಗ್ ಕೊಟ್ಟು ಇಡುತ್ತಾನೆ. ಆಚೆ ಕಡೆ ಹೆಂಡತಿ ಎತ್ತುವುದಿಲ್ಲ, ಎತ್ತಬಾರದು ಅನ್ನುವುದೇ ಅವರ ಒಪ್ಪಂದ. ಕಡೆಯಲ್ಲಿ ಅವನು ರಿಂಗ್ ಕೊಡುತ್ತಾನೆ. ಒಂದು ರಿಂಗಿಗೇ ಆ ಕಡೆ ಯಾರೋ ಎತ್ತುತ್ತಾರೆ, ಮಾತಿಲ್ಲ. ಅಲ್ಲಿಗೆ ಕತೆ ನಿಲ್ಲಿಸಿದೆ.

ಅಮ್ಮ ಮಾತ್ರ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಮಾರನೇ ದಿನ ಬಸ್ಸಿಗೆ ಹೊರಡುವಾಗ ಚಟ್ನಿಪುಡಿ ಡಬ್ಬಿ ಬ್ಯಾಗಿಗೆ ಹಾಕುತ್ತಾ, ‘ಅವತ್ತಿಂದು ನಿಂಗೆ ಕತೆನಾ?’ ಅಂದಳು. ಮುಖ ನೋಡಿ ಹೇಳಲಿಲ್ಲ. ನಾನು ಏನೂ ಹೇಳದೆ ಬ್ಯಾಗಿನ ಜಿಪ್ ಎಳೆದೆ. ಬಸ್ಸಿನಲ್ಲಿ ತುಮಕೂರು ಬರುವವರೆಗೂ ಅದೇ ಯೋಚನೆ. ಅವಳು ಒಂದೂವರೆ ಗಂಟೆ ಫೋನ್ ನೋಡುತ್ತಾ ಕೂತಿದ್ದನ್ನು ಹೊರದೇಶದ ಮಂದಿಯ ಮುಂದೆ ಇಟ್ಟು ಶಭಾಷ್ ಅನ್ನಿಸಿಕೊಳ್ಳಲು ಹೊರಟಿದ್ದೆನಲ್ಲ. ಕಳಿಸದೆ ಇದ್ದುಬಿಡೋಣ ಅನ್ನಿಸಿದ್ದು ನಿಜ. ಕೊನೆಯ ದಿನ ರಾತ್ರಿ ಕಳಿಸಿದ್ದೂ ನಿಜ. ಆ ಕತೆಯಲ್ಲಿ ಕಾಯುವ ಹೆಂಡತಿ ಇದ್ದಾಳೆ, ಮರೆತುಹೋಗದ ಗಂಡ ಇದ್ದಾನೆ, ಪಕ್ಕದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡ ಮಗ ಇಲ್ಲ. ಎರಡು ಸಲ ಬರೆಯಲು ನೋಡಿದೆ. ಪದಮಿತಿ ದಾಟುತ್ತದೆ ಅಂತ ನನಗೆ ನಾನೇ ಹೇಳಿಕೊಂಡು ತೆಗೆದೆ. ಪದಮಿತಿಗೆ ಇನ್ನೂ ಇನ್ನೂರು ಪದ ಬಾಕಿ ಇತ್ತು.

47 ಕತೆ ಬಂದಿದ್ದವು, ನನ್ನದು ಆರನೆಯದು. ಗೆದ್ದ ಕತೆ ನಿಜಕ್ಕೂ ನನ್ನದಕ್ಕಿಂತ ಚೆನ್ನಾಗಿತ್ತು. ಬಸ್ ಡಿಪೋದಲ್ಲಿ ಸಿಕ್ಕಿಬಿದ್ದ ಟಿಕೆಟ್ ಕೌಂಟರಿನ ಹೆಂಗಸಿನದು, ಅದನ್ನು ಓದಿ ನಾನೂ ಆ ರಾತ್ರಿ ಬಾತ್‌ರೂಮಿಗೆ ಹೋಗಲು ರೂಮ್‌ಮೇಟನ್ನು ಎಬ್ಬಿಸಿದೆ. ನನ್ನ ಕತೆಯ ಕೆಳಗೆ ಒಬ್ಬರು, ಅವನು ನಡೆಯುವಾಗ ನೆಲಕ್ಕೆ ಕಾಲು ಯಾಕೆ ಬಡಿಯುತ್ತಾನೆ ಅಂತ ಕೇಳಿದ್ದರು. ಅದು ಅಪ್ಪನ ನಡಿಗೆ, ಗೊತ್ತಿಲ್ಲದೆ ಒಳಗೆ ಬಂದುಬಿಟ್ಟಿತ್ತು. ಜೊಂಬಿಗಳ ಊರಲ್ಲಿ ಕಾಲು ಬಡಿದು ನಡೆದರೆ ಮೊದಲು ಸಾಯುವುದು ಅವನೇ, ಅದು ಯಾರಿಗೂ ಹೊಳೆಯಲಿಲ್ಲ, ನನ್ನ ಪುಣ್ಯ. ಆಮೇಲೆ ಆ ಗುಂಡು ಎಣಿಸಿದ ಮಹಾಶಯನೂ ಬಂದ. ಈ ಸಲ ನಿಮಿಷ ಎಣಿಸಿದ್ದ. ‘ಪಂಪು ಒಟ್ಟು 41 ನಿಮಿಷ ನಿಂತಿತ್ತು. ಲೆಕ್ಕ ಸರಿ ಇದೆ. ಅಷ್ಟು ನೀರು ಇಲ್ಲದೆ ಆಸ್ಪತ್ರೆಯಲ್ಲಿ ಏನಾಯಿತು ಅಂತ ನನಗೆ ಯೋಚನೆ ಹತ್ತಿದೆ’ ಅಂತ ಬರೆದಿದ್ದ. ಸ್ಮೈಲಿ ಈ ಸಲವೂ ಇಲ್ಲ.

ಆರನೇ ಸ್ಥಾನ ಅಂತ ಫೋನಿನಲ್ಲಿ ಹೇಳಿದಾಗ ಅಪ್ಪ ‘ಪರವಾಗಿಲ್ಲ ಬಿಡು, ಮೋಟಾರ್ ಮತ್ತೆ ಆನ್ ಮಾಡಿದ್ನಾ ಅವನು?’ ಅಂತ ಕೇಳಿದ. ಮಾಡಿದ ಅಂದೆ. ಮೋಟಾರ್ ಮನೆಯ ಬಾಗಿಲಿಗೆ ಈಗ ಒಳಗಿನಿಂದ ಚಿಲಕ ಹಾಕಿಸಿದ್ದೇವೆ. ಸ್ಕಾಲರ್‌ಶಿಪ್ ದುಡ್ಡಲ್ಲಿ ನಾನೊಂದು ಹಣೆಗೆ ಕಟ್ಟುವ ಲೈಟ್ ತಂದುಕೊಟ್ಟೆ. ಅಪ್ಪ ಅದನ್ನು ಕಟ್ಟಿಕೊಳ್ಳುವುದಿಲ್ಲ, ಕುತ್ತಿಗೆಗೆ ನೇತುಹಾಕಿಕೊಳ್ಳುತ್ತಾನೆ, ಬೇಕಾದಾಗ ಮಾತ್ರ ಹಚ್ಚುತ್ತಾನಂತೆ.

ಇನ್ನೊಂದು ಬದಲಾವಣೆಯನ್ನು ಅಮ್ಮನೇ ಶುರುಮಾಡಿದ್ದು. ರಾತ್ರಿ ಪಾಳಿಯ ವಾರ, ಅಪ್ಪನ ಮಿಸ್ಡ್ ಕಾಲ್ ಬಂದ ಮೇಲೆ ಅವಳು ನನಗೊಂದು ಮಿಸ್ಡ್ ಕಾಲ್ ಕೊಡುತ್ತಾಳೆ. ಯಾಕೆ ಅಂತ ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ಈ ವಾರ ರಾತ್ರಿ ಪಾಳಿ. ಮೊನ್ನೆ 1.35ಕ್ಕೆ ಬಂತು, ನಿನ್ನೆ 1.52ಕ್ಕೆ. ಇದನ್ನು ಬರೆಯುತ್ತಿರುವ ಹೊತ್ತಿಗೆ 1.47 ಆಗಿದೆ. ಫೋನ್ ನೋಟ್‌ಬುಕ್ಕಿನ ಪಕ್ಕದಲ್ಲೇ ಇದೆ, ಹೆಡ್‌ಫೋನ್ ಮೇಜಿನ ಡ್ರಾಯರಿನಲ್ಲಿದೆ.